ಗೋರಂಟ್ಲ ಬಸ್ಸಿಗೆ ಲೇಪಾಕ್ಷಿ ಬೋರ್ಡು

ಏಪ್ರಿಲ್ 18, 1961, ಮಂಗಳವಾರ. ಕಲ್ಯಾಣದುರ್ಗ

ಈ ನೋಟ್‌ಬುಕ್ಕು ಗೌರಕ್ಕ ಕೊಟ್ಟದ್ದು. ನನಗಿಂತ ಹನ್ನೆರಡು ವರ್ಷ ದೊಡ್ಡವಳು, ಅಮ್ಮ ಹೋದ ಮೇಲೆ ನನ್ನನ್ನು ಸಾಕಿದವಳು. ಅವಳು ಕೊಟ್ಟದ್ದನ್ನು ಬೇಡ ಅನ್ನುವ ಹಾಗಿಲ್ಲ.

"ಎಸ್ಸೆಸ್ಸೆಲ್ಸಿ ಆದ್ಮೇಲೆ ಎರಡು ವರ್ಷದಾಗೆ ಮೂರು ಕೆಲ್ಸ ಬಿಟ್ಟೆ ಕಣ್ಲಾ ಚೆನ್ನ. ಕಡ್ಲೆಕಾಯಿ ಮಿಲ್ಲು ಬಿಟ್ಟೆ, ಸೈಕಲ್ ಶಾಪು ಬಿಟ್ಟೆ, ಸಿನಿಮಾ ಟೆಂಟಿನಾಗೆ ಟಿಕೀಟು ಹರಿಯೋದೂ ಬಿಟ್ಟೆ. ಈಗ ಮೇಷ್ಟ್ರಾಗಿ ಏಳು ತಿಂಗ್ಳು. ಈ ಬುಕ್ಕನ್ನಾದ್ರೂ ಕೊನೇ ಹಾಳೆಗಂಟ ಬರ್ದು ತುಂಬ್ಸು. ಆಗ ನಂಬ್ತೀನಿ."

ಗೌರಕ್ಕನಿಗೆ ಓದು ಬಾರದು. ಅದರಿಂದ ಇಲ್ಲಿ ಏನು ಬೇಕಾದರೂ ಬರೆಯಬಹುದು.

ವಿಷಯ ಏನೆಂದರೆ, ಇವತ್ತು ಆರ್ಡರ್ ಬಂತು. ಟ್ರೈನಿಂಗ್ ಆಗದೆ ಸೇರಿದ ಕನ್ನಡ ಶಾಲೆಯ ಮೇಷ್ಟ್ರುಗಳೆಲ್ಲ ಹಿಂದೂಪುರಕ್ಕೆ ಬಂದು ಐದು ವಾರ ಓದು ಬರಹ ಕಲಿಸುವುದನ್ನು ಕಲಿಯಬೇಕಂತೆ. ಕೊನೆಯ ದಿನದ ಪರೀಕ್ಷೆಯಲ್ಲಿ ಫೇಲಾದರೆ ಕೆಲಸ ಹೋಯಿತು. ನನ್ನದು ಒಬ್ಬನೇ ಮೇಷ್ಟ್ರಿರುವ ಶಾಲೆ, ಇಲ್ಲಿಂದ ಐದು ಮೈಲಿಯ ಹುಣಸೆಗುಂಟೆಯಲ್ಲಿ. ನನಗಿಂತ ಮುಂಚೆ ಇಬ್ಬರು ಬಿಟ್ಟು ಹೋಗಿದ್ದಾರೆ. ನಾನೂ ಹೋದರೆ ಬೀಗ ಹಾಕುತ್ತಾರೆ ಎಂದು ಆಫೀಸಿನ ಗುಮಾಸ್ತ ಹೇಳಿದ.

ನನಗೆ ಹೊಸದಾಗಿ ಕಲಿಯುವುದು ಏನಿದೆಯೋ ತಿಳಿಯದು. ನನ್ನ ಇಪ್ಪತ್ತೆರಡು ಮಕ್ಕಳೂ ಒಂದನೇ ಪುಸ್ತಕವನ್ನು ಮೊದಲ ಹಾಳೆಯಿಂದ ಕೊನೆಯವರೆಗೆ ಒಂದೇ ಉಸಿರಿಗೆ ಓದುತ್ತವೆ. ರಸ್ತೆಯಲ್ಲಿ ಹೋಗುವವರು ನಿಂತು ಕೇಳುತ್ತಾರೆ.

ಆದರೂ ಹೋಗುತ್ತೇನೆ, ಖುಷಿಯಾಗಿಯೇ ಹೋಗುತ್ತೇನೆ. ಹಿಂದೂಪುರದ ಬಸ್‌ ಸ್ಟ್ಯಾಂಡಿನಲ್ಲಿ ಆದೆಪ್ಪ ಅನ್ನುವ ಏಜೆಂಟ್ ಇದ್ದಾನೆ. ಕಂಡಕ್ಟರ್ ಕೆಲಸಕ್ಕೆ ಅವನ ಕೈಲಿ ಅರ್ಜಿ ಕೊಟ್ಟು ಮೂರು ತಿಂಗಳಾಯಿತು. ಇದನ್ನು ಗೌರಕ್ಕನಿಗೆ ಹೇಳಿಲ್ಲ.

ಏಪ್ರಿಲ್ 24, ಸೋಮವಾರ. ಹಿಂದೂಪುರ

ಮೂವತ್ತೊಂದು ಜನ ಮೇಷ್ಟ್ರುಗಳು, ಒಂದು ಹೈಸ್ಕೂಲಿನ ಹಾಲು, ಮಕ್ಕಳ ಬೆಂಚು. ಮರುಳಸಿದ್ದಪ್ಪ ಮೇಷ್ಟ್ರು ನನ್ನ ಪಕ್ಕ ಕೂತಿದ್ದರು. ಇಪ್ಪತ್ತು ವರ್ಷದಿಂದ ಪಾಠ ಹೇಳುತ್ತಿದ್ದಾರೆ, ಐವತ್ತು ದಾಟಿದೆ, ಮೊಣಕಾಲು ಬೆಂಚಿನೊಳಗೆ ಹೋಗುವುದಿಲ್ಲ. ಕಾಲುಗಳನ್ನು ಹೊರಗಿಟ್ಟು ಎತ್ತಿನ ಗಾಡಿಯಲ್ಲಿ ಕೂತ ಹಾಗೆ ಕೂತಿದ್ದರು.

ಕಲಿಸುವವರು ಸರ್ವಮಂಗಳಮ್ಮ ಮೇಡಂ. ಬಿಳಿ ಸೀರೆ, ಕೈಯಲ್ಲಿ ಕೊಡೆ, ಸಣ್ಣ ದನಿ. ಹಿಂದಿನ ಬೆಂಚಿನವರೂ ಬಾಯಿ ಮುಚ್ಚಿಕೊಂಡು ಕೇಳಬೇಕು, ಇಲ್ಲದಿದ್ದರೆ ಕೇಳಿಸುವುದೇ ಇಲ್ಲ. "ನಿಮ್ಮ ಮಕ್ಕಳಿಗೆ ಓದೋಕೆ ಬರುತ್ತಾ?" ಎಂದು ಕೇಳಿದರು. ಎಲ್ಲರೂ ಕೈ ಎತ್ತಿದೆವು. ಮರುಳಸಿದ್ದಪ್ಪನವರು ಎರಡು ಕೈ ಎತ್ತಿದರು.

ಪಕ್ಕದ ಬೀದಿಯಿಂದ ಎರಡು ಮಕ್ಕಳನ್ನು ಕರೆಸಿದ್ದರು. ಒಂದನೇ ಪುಸ್ತಕ ಕೊಟ್ಟರು. ಮಕ್ಕಳು ಬೆರಳಿಟ್ಟು ಗಡಗಡ ಓದಿದವು. ಮೇಡಂ ಏನೂ ಹೇಳದೆ ಪುಸ್ತಕವನ್ನು ತಲೆಕೆಳಗು ಮಾಡಿ ಇಟ್ಟರು. ಮಕ್ಕಳು ಅದೇ ಗಡಗಡದಲ್ಲಿ ಮುಂದುವರಿದವು, ಬೆರಳೂ ನಿಲ್ಲಲಿಲ್ಲ. ಹಾಲಿಗೆ ಹಾಲೇ ನಕ್ಕಿತು.

ನಾನೂ ನಕ್ಕೆ. ಹಿಂದೂಪುರದ ಮಕ್ಕಳು ಹೀಗೆ ಎಂದು ಗೊತ್ತಿರಲಿಲ್ಲ. ನಮ್ಮ ಹುಣಸೆಗುಂಟೆಯ ಮಕ್ಕಳು ಹಾಗಲ್ಲ.

ಏಪ್ರಿಲ್ 26, ಬುಧವಾರ

ಪರೀಕ್ಷೆ ಏನೆಂದು ಇವತ್ತು ಹೇಳಿದರು. ಪೇಪರ್ ಬರೆಯುವಂತಿಲ್ಲ. ಊರಿನಲ್ಲಿ ಅಕ್ಷರ ಬಾರದ ಒಬ್ಬರನ್ನು ನಾವೇ ಹುಡುಕಿಕೊಳ್ಳಬೇಕು. ಮೇ 27ರವರೆಗೆ ಅವರಿಗೆ ಓದು ಕಲಿಸಬೇಕು. ಆ ದಿನ ಇನ್ಸ್‌ಪೆಕ್ಟರ್ ಬರುತ್ತಾರೆ. ಅವರು ಕೊಟ್ಟದ್ದನ್ನು ನಮ್ಮ ವಿದ್ಯಾರ್ಥಿ ಓದಿದರೆ ನಾವು ಪಾಸು, ಓದದಿದ್ದರೆ ನಾವು ಮನೆಗೆ.

ಮರುಳಸಿದ್ದಪ್ಪನವರು ನಮ್ಮ ಊಟದ ಮನೆಯ ಪಾಪಕ್ಕನನ್ನು ಹಿಡಿದುಕೊಂಡರು. ನಾನು ಕ್ಲಾಸು ಬಿಟ್ಟ ತಕ್ಷಣ ಬಸ್‌ ಸ್ಟ್ಯಾಂಡಿಗೆ ಓಡಿದೆ. ಹೇಗೂ ಆದೆಪ್ಪನನ್ನು ನೋಡುವುದಿತ್ತು. ಒಂದೇ ಓಡಾಟದಲ್ಲಿ ಎರಡು ಕೆಲಸ.

ಅಲ್ಲಿ ದಾಸಣ್ಣ ಇದ್ದ. ನಲವತ್ತೈದರ ಆಳು, ಹೆಗಲ ಮೇಲೆ ಕೆಂಪು ಟವೆಲ್ಲು. ಬಸ್ಸುಗಳಿಗೆ ಜನ ಕೂಗುವುದು ಅವನ ಕೆಲಸ. "ಲೇಪಾಕ್ಷಿ ಲೇಪಾಕ್ಷಿ ಲೇಪಾಕ್ಷೀ, ಎಕ್ಕಂಡಮ್ಮಾ, ಹತ್ತಿ ಹತ್ತಿ, ಸೀಟೈತೆ" ಎಂದು ಶುರು ಮಾಡಿದರೆ ಬೆಲ್ಲದ ಮಂಡಿಯವರೆಗೆ ಕೇಳಿಸುತ್ತದೆ.

"ಓದು ಕಲಿತೀಯಾ ದಾಸಣ್ಣ?" ಅಂದೆ.

"ಕಲಿತು ಏನ್ ಮಾಡ್ಲಿ ಮೇಷ್ಟ್ರೇ, ಬಸ್ಸು ನಿಂತ್ಕಂತದಾ ನಾನು ಓದ್ಲಿ ಅಂತ?"

"ನೀನು ಓದದಿದ್ರೆ ನನ್ನ ಕೆಲ್ಸ ಹೋಗುತ್ತೆ."

ಅವನು ಬೀಡಿ ಆರಿಸಿ ಕಿವಿಗೆ ಸಿಕ್ಕಿಸಿಕೊಂಡ. "ಅಂಗಾ? ಅದ್ನ ಮೊದ್ಲೇ ಯೋಳ್ಬಾರ್ದಾ. ಮಧ್ಯಾನ ಒಂದೂವರೆಗೆ ಬನ್ನಿ, ಮೂರರ ತನ್ಕ ಯಾವ್ ಬಸ್ಸೂ ಹೊರಡಲ್ಲ."

ಏಪ್ರಿಲ್ 30, ಭಾನುವಾರ

ದಾಸಣ್ಣ ನಾಲ್ಕೇ ದಿನಕ್ಕೆ ಓದುತ್ತಿದ್ದಾನೆ. ನಿಜಕ್ಕೂ.

ಬಸ್ಸಿನ ಬೋರ್ಡುಗಳಿಂದಲೇ ಶುರು ಮಾಡಿದ್ದೆ. ಮರದ ಹಲಗೆ, ಮೇಲೆ ತೆಲುಗು, ಕೆಳಗೆ ಕನ್ನಡ. ಹಲಗೆ ಎರಡು ಕೊಕ್ಕೆಗೆ ನೇತಾಡುತ್ತದೆ. ದಿನಾ ಕಾಣುವುದನ್ನೇ ಓದಿಸಿದರೆ ಬೇಗ ಹತ್ತುತ್ತದೆ ಎಂದು ನಾನೇ ಯೋಚನೆ ಮಾಡಿ ಕಂಡುಕೊಂಡ ಉಪಾಯ. ನಾನು ಒಂದೊಂದು ಬಸ್ಸಿನ ಮುಂದೆ ನಿಂತು ಬೋರ್ಡಿಗೆ ಕೋಲಿಡುವುದು, ಅವನು "ಗೋರಂಟ್ಲ", "ಸೋಮಂದೇಪಲ್ಲಿ", "ಪೆನುಕೊಂಡ" ಅನ್ನುವುದು. ಒಂದೂ ತಪ್ಪಿಲ್ಲ.

ಮರುಳಸಿದ್ದಪ್ಪನವರ ಪಾಪಕ್ಕ ಇನ್ನೂ ಅ ಆ ಇ ಈ ಎಂದು ರಾಗ ಹಾಕುತ್ತ ಮುದ್ದೆ ತೊಳಸುತ್ತಿದ್ದಾಳೆ. ಇವತ್ತಿನ ಮುದ್ದೆಯಲ್ಲಿ ಗಂಟಿತ್ತು.

ಆದೆಪ್ಪ ಸಿಕ್ಕಿದ. ಒಬ್ಬ ಕಂಡಕ್ಟರ್ ಮದುವೆಯಾಗಿ ಮಾವನ ಊರಿಗೆ ಹೋಗುವುದರಲ್ಲಿದ್ದಾನಂತೆ. "ನೋಡಾನ ಕಣಪ್ಪ" ಅಂದ. ಸಾಯಂಕಾಲ ಪೆನುಕೊಂಡ ಬಸ್ಸಿನ ಫುಟ್‌ಬೋರ್ಡ್ ಮೇಲೆ ರೈಲ್ವೆ ಗೇಟಿನ ತನಕ ನಿಂತು ಹೋಗಿ ಬಂದೆ. ಗಾಳಿ ಮುಖಕ್ಕೆ ಹೊಡೆಯುತ್ತಿತ್ತು. ಶಾಲೆಯಲ್ಲಿ ಇಂಥ ಗಾಳಿ ಎಲ್ಲಿದೆ.

ಮೇ 4, ಗುರುವಾರ

ಮೇಡಂ ಕೊಡೆ ಹಿಡಿದುಕೊಂಡು ಬಸ್‌ ಸ್ಟ್ಯಾಂಡಿಗೇ ಬಂದುಬಿಟ್ಟರು. ದಾಸಣ್ಣ ಎಂಟು ಬೋರ್ಡನ್ನೂ ಓದಿ ತೋರಿಸಿದ. ನಾನು ಪಕ್ಕದಲ್ಲಿ ಎದೆ ಉಬ್ಬಿಸಿ ನಿಂತಿದ್ದೆ.

ಮೇಡಂ ಅವನಿಗೆ "ಬಹಳ ಸಂತೋಷ ಕಣಪ್ಪ" ಅಂದರು. ನನ್ನನ್ನು ಬದಿಗೆ ಕರೆದು, "ಚೆನ್ನಕೇಶವ, ಇವನು ಬೋರ್ಡು ನೋಡಿ ಹೇಳ್ತಾನೋ, ಬಸ್ಸು ನೋಡಿ ಹೇಳ್ತಾನೋ?" ಎಂದು ಕೇಳಿದರು.

"ಬೋರ್ಡೇ ಮೇಡಂ."

"ಅದು ನಿನಗೆ ಹೇಗೆ ಗೊತ್ತು?"

ಅವರು ಹೋದ ಮೇಲೆ ಸಿಟ್ಟು ಬಂತು. ನಾಳೆ ತೋರಿಸುತ್ತೇನೆ.

ಮೇ 5, ಶುಕ್ರವಾರ

ಇವತ್ತು ನಡೆದದ್ದಕ್ಕೆ ಹೆದರಬೇಕೋ ನಗಬೇಕೋ ಗೊತ್ತಿಲ್ಲ.

ಹನ್ನೆರಡೂವರೆಗೆ ಲೇಪಾಕ್ಷಿ ಬಸ್ಸೂ ಗೋರಂಟ್ಲ ಬಸ್ಸೂ ಅಕ್ಕಪಕ್ಕ ನಿಂತಿದ್ದವು. ಡ್ರೈವರುಗಳು ಟೀ ಕುಡಿಯುತ್ತಿದ್ದರು. ಕಂಡಕ್ಟರುಗಳು ಟಾಪಿನ ಮೇಲೆ ಮೂಟೆ ಏರಿಸುತ್ತಿದ್ದರು. ನಾನು ಹೋಗಿ ಎರಡು ಬೋರ್ಡನ್ನೂ ಕೊಕ್ಕೆಯಿಂದ ತೆಗೆದು ಅದಲು ಬದಲು ಮಾಡಿದೆ. ದಾಸಣ್ಣ ಬೋರ್ಡು ಓದುವವನಾದರೆ ತಬ್ಬಿಬ್ಬಾಗುತ್ತಾನೆ, ಆಗ ನಾನು ನಗುತ್ತ ಮುಂದೆ ಬಂದು ಬೆನ್ನು ತಟ್ಟುತ್ತೇನೆ. ಲೆಕ್ಕ ಇಷ್ಟೇ ಇತ್ತು.

ದಾಸಣ್ಣ ಬಂದ. ಬೋರ್ಡಿನ ಕಡೆ ತಲೆಯೂ ಎತ್ತಲಿಲ್ಲ. ಮಡ್‌ಗಾರ್ಡ್ ನೆಗ್ಗಿದ ಬಸ್ಸಿನ ಪಕ್ಕ ನಿಂತು "ಲೇಪಾಕ್ಷಿ ಲೇಪಾಕ್ಷಿ ಲೇಪಾಕ್ಷೀ" ಎಂದು ಶುರು ಮಾಡಿದ. ಅದು ಲೇಪಾಕ್ಷಿ ಬಸ್ಸೇ. ಅದರ ಹಣೆಯ ಮೇಲೆ ಮಾತ್ರ ಗೋರಂಟ್ಲ ಎಂದು ನೇತಾಡುತ್ತಿತ್ತು.

ಒಂಬತ್ತು ದಿನದಲ್ಲಿ ಅವನು ಒಂದಕ್ಷರವನ್ನೂ ಕಲಿತಿರಲಿಲ್ಲ. ನಾನು ಹಾಗೇ ಕಲ್ಲಿನ ಮೇಲೆ ಕೂತುಬಿಟ್ಟೆ. ಬೋರ್ಡು ವಾಪಸ್ ಹಾಕಬೇಕೆಂಬ ನೆನಪೇ ಹಾರಿಹೋಯಿತು.

ಅಷ್ಟರಲ್ಲಿ ಒಂದು ಮದುವೆ ಗುಂಪು ಬಂತು. ಲೇಪಾಕ್ಷಿಯ ಹುಡುಗಿ, ಇವರು ಗಂಡಿನ ಕಡೆಯವರು. ಅರ್ಧ ಜನ ದಾಸಣ್ಣನ ಕೂಗು ಕೇಳಿ ಸರಿಯಾದ ಬಸ್ಸು ಹತ್ತಿದರು. ಗಂಡಿನ ಸೋದರಮಾವ ಮಾತ್ರ ಓದಿದವನು. ಕನ್ನಡಕ ಏರಿಸಿ ಬೋರ್ಡು ನೋಡಿದ.

"ಏಮಯ್ಯಾ, ಇದು ಗೋರಂಟ್ಲ ಅಂತೈತೆ. ಲೇಪಾಕ್ಷಿ ಅಂತ ಕೂಗ್ತಿದ್ದೀಯಲ್ಲ?"

"ಸಾಮೀ, ಒಂಬತ್ತು ವರ್ಸದಿಂದ ಕೂಗ್ತಿವ್ನಿ. ಇದೇ ಲೇಪಾಕ್ಷಿ, ಕುಂತ್ಕಳಿ."

"ನಂಗೇನ್ ಓದಾಕೆ ಬರಲ್ವಾ?" ಅಂದವನೇ ಐದು ಜನರನ್ನೂ, ಒಂದು ಬುಟ್ಟಿ ಚಿರೋಟಿಯನ್ನೂ ಹಿಂದಿಟ್ಟುಕೊಂಡು ಪಕ್ಕದ ಬಸ್ಸಿಗೆ ಹೋಗಿ ಕೂತ. ಅದು ಗೋರಂಟ್ಲಕ್ಕೆ ಹೊರಟುಹೋಯಿತು.

ನಾಲ್ಕು ಮೈಲಿ ಹೋದ ಮೇಲೆ ಕಂಡಕ್ಟರ್ ಟಿಕೆಟ್ ಕೇಳಿದಾಗ ಗೊತ್ತಾಯಿತಂತೆ. ಸೋದರಮಾವ ಒಪ್ಪಲಿಲ್ಲವಂತೆ. ಕೆಳಗಿಳಿದು ಬೋರ್ಡು ತೋರಿಸಿ, ಬಸ್ಸೇ ದಾರಿ ತಪ್ಪಿದೆ, ತಿರುಗಿಸು ಎಂದು ಡ್ರೈವರನ ಜೊತೆ ಅರ್ಧ ಗಂಟೆ ಜಗಳ. ಕೊನೆಗೆ ಬೆಲ್ಲದ ಗಾಡಿಯಲ್ಲಿ ಹಿಂದೂಪುರಕ್ಕೆ ವಾಪಸ್ ಬಂದರು. ಮುಹೂರ್ತ ನಾಳೆ ಬೆಳಗ್ಗೆ, ಸದ್ಯ. ಚಿರೋಟಿ ಮಾತ್ರ ಪುಡಿ.

ಆದೆಪ್ಪ ದಾಸಣ್ಣನ ಟವೆಲ್ಲು ಹಿಡಿದುಕೊಂಡಿದ್ದ. "ನೀನು ಇಲ್ಲೇ ಇದ್ಕಂಡು ಬೋರ್ಡು ಬದ್ಲಾಗಿರೋದು ಕಾಣ್ಲಿಲ್ವೇನ್ಲಾ? ಕಣ್ಣು ಎಲ್ಲಿಕ್ಕಂಡಿದ್ದೆ? ನಾಳೆಯಿಂದ ಬರ್ಬ್ಯಾಡ ಹೋಗು."

"ನಾನೇ ಬದಲಾಯಿಸಿದ್ದು" ಅಂದೆ. ಯಾಕೆ ಅಂದೆನೋ. ಸುಮ್ಮನಿದ್ದಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ.

ಆದೆಪ್ಪ ಟವೆಲ್ಲು ಬಿಟ್ಟು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. "ಕಂಡಕ್ಟರ್ ಆಗಾಕೆ ಬಂದೋನು ನೀನೇ ಅಲ್ವಾ? ಭೇಷ್ ಕಣಪ್ಪ."

ಆ ಕೆಲಸದ ಆಸೆ ಅಲ್ಲಿಗೆ ಮುಗಿಯಿತು.

ಮೇ 6, ಶನಿವಾರ

ದಾಸಣ್ಣ ಮಾತಾಡಿಸಲಿಲ್ಲ. ಒಂದೂವರೆಯಿಂದ ಎರಡೂವರೆಯವರೆಗೆ ಅವನ ಪಕ್ಕ ಕೂತೇ ಇದ್ದೆ. ಕೊನೆಗೆ ಅವನೇ ಬಾಯಿಬಿಟ್ಟ.

"ಕೇಳಿದ್ರೆ ಯೋಳ್ತಿರ್ಲಿಲ್ವಾ ಮೇಷ್ಟ್ರೇ? ಬರಲ್ಲ ಅಂತ ನಾನೇ ಯೋಳ್ತಿದ್ದೆ. ಬೆನ್ನಿಂದೆ ಯಾಕೆ ಪರೀಕ್ಷೆ ಮಾಡ್ಬೇಕಿತ್ತು?"

"ಹಂಗಾದ್ರೆ ಎಲ್ಲಾ ಬೋರ್ಡೂ ಓದಿದ ಹಂಗೆ ಯಾಕೆ ಹೇಳ್ತಿದ್ದೆ?"

"ನೀವು ಕೋಲಿಟ್ಟು ಇದ್ಯಾವ್ದು ಅಂತ ಕೇಳ್ತಿದ್ರಿ. ಬಸ್ಸು ಯಾವ್ದು ಅಂತ ಯೋಳ್ದೆ. ನೀವೋ, ನಾನು ಬಾಯ್ ಬಿಟ್ ಕೂಡ್ಲೆ ಅಂಗೆ ನಗ್ತಿದ್ರಿ. ಪಾಪ, ಇಷ್ಟು ಖುಸಿಯಾಗವ್ರೆ, ಯಾಕೆ ಕೆಡಿಸ್ಲಿ ಅಂದ್ಕಂಡೆ."

ನಾನು ಅವನಿಗೆ ಕಲಿಸುತ್ತಿದ್ದೇನೆ ಎಂದುಕೊಂಡಿದ್ದೆ. ಅವನು ನನ್ನ ಮನಸ್ಸು ನೋಯದ ಹಾಗೆ ನೋಡಿಕೊಳ್ಳುತ್ತಿದ್ದ.

ತಪ್ಪಾಯಿತು ಅಂದೆ. ಅವನು ಕಿವಿಯ ಬೀಡಿ ತೆಗೆದು ಹಚ್ಚಿದ. "ಆ ಮಾವ ಗಾಡಿಯಿಂದ ಇಳಿಯೋವಾಗ ಅವ್ನ ಮೀಸೆ ನೋಡಿದ್ರಾ? ಪೂರಾ ಬೆಲ್ಲ." ಇಬ್ಬರೂ ನಕ್ಕು ನಕ್ಕು ಸಾಕಾಯಿತು. ಉಳಿದಿರುವುದು ಇಪ್ಪತ್ತೊಂದು ದಿನ.

ಮೇ 9, ಮಂಗಳವಾರ

ಮೇಡಂ ಹತ್ತಿರ ಹೋಗಿ ನಡೆದದ್ದೆಲ್ಲ ಹೇಳಿದೆ. ಬೈಯುತ್ತಾರೆ ಎಂದುಕೊಂಡಿದ್ದೆ. ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. ಕಣ್ಣಲ್ಲಿ ನೀರು ಬಂತು ಅವರಿಗೆ.

ಆಮೇಲೆ ಹೇಳಿದರು: "ನಾನು ಹನ್ನೊಂದು ವರ್ಷ ಹೀಗೇ ಕಲಿಸಿದೆ ಚೆನ್ನಕೇಶವ. ಒಂದು ದಿನ ನನ್ನ ಹಳೇ ವಿದ್ಯಾರ್ಥಿನಿ ಒಂದು ಕಾಗದ ತಂದು, ನಮ್ಮ ಯಜಮಾನರು ಬರೆದಿದ್ದಾರೆ, ಓದಿ ಹೇಳಿ ಟೀಚರ್ ಅಂದಳು. ನನ್ನ ಕ್ಲಾಸಿನಲ್ಲಿ ಅವಳೇ ಫಸ್ಟು. ಅವತ್ತು ನನಗೆ ಊಟ ಸೇರಲಿಲ್ಲ."

ಈಗ ಮಾಡಬೇಕಾದ್ದು: ಅವನ ಬಾಯಿಂದ ಬರುವ ಮಾತನ್ನೇ ಬರೆಯುವುದು. ಅದನ್ನು ಕತ್ತರಿಸುವುದು. ಕಲಸುವುದು. ಬೇರೆ ಥರ ಜೋಡಿಸುವುದು. ಅವನು ಮೊದಲೇ ಕಂಡಿರದ ಮಾತು ಅವನ ಕಣ್ಣಿಗೆ ಬೀಳಬೇಕು. "ಅವನು ಎಡವಬೇಕು ಕಣಪ್ಪ. ಎಡವಿದರೆ ಓದುತ್ತಿದ್ದಾನೆ ಅಂತ ತಿಳಕೋ."

ಟಿಕೆಟ್ ಪುಸ್ತಕದ ಹಳೆಯ ರಟ್ಟುಗಳನ್ನು ಆಯ್ದು ತಂದೆ. ಕತ್ತರಿಸಿ ಅರವತ್ತು ಚೀಟಿ ಮಾಡಿದ್ದೇನೆ.

ಮೇ 11, ಗುರುವಾರ

ಒಂದಕ್ಷರವೂ ಹತ್ತಲಿಲ್ಲ. ಬಿಸಿಲು.

ಮೇ 12, ಶುಕ್ರವಾರ

ಹತ್ತಲಿಲ್ಲ. ದಾಸಣ್ಣ ಚೀಟಿಯನ್ನು ಹಿಂದೆ ಮುಂದೆ ತಿರುಗಿಸಿ "ಇದ್ರಾಗೆ ಹಾರ್ನೂ ಇಲ್ಲ ಮಡ್ಗಾರ್ಡೂ ಇಲ್ಲ, ಎಂಗೆ ಕಂಡ್ಹಿಡೀಲಿ" ಅಂದ.

ಮೇ 15, ಸೋಮವಾರ

ಇದನ್ನು ಪೂರ್ತಿ ಬರೆಯಬೇಕು.

ಗೋರಂಟ್ಲದ ಗೋ ಅವನಿಗೆ ಶನಿವಾರವೇ ಹತ್ತಿತ್ತು. ಲೇಪಾಕ್ಷಿಯ ನಡುವಿನ ಪಾ ನಿನ್ನೆ. ಲೇ ಇಂದ ಲ ಮಾಡುವುದನ್ನು ಇವತ್ತು ತೋರಿಸಿದೆ. ಮೂರು ಚೀಟಿಯನ್ನೂ ಸಾಲಾಗಿ ಕಲ್ಲಿನ ಮೇಲಿಟ್ಟು ಸುಮ್ಮನೆ ಕೂತೆ. ಬಾಯಿ ತೆರೆಯಬಾರದು ಎಂದು ಮೇಡಂ ಹೇಳಿದ್ದರು. ನನಗೆ ಅದೇ ಕಷ್ಟ. ತುಟಿ ಕಚ್ಚಿಕೊಂಡು ಕೂತೆ.

"ಗೋ..." ಅಂದ. ನೊಣ ಬಂದು ಕೂತು ಹೋಯಿತು. "ಗೋ... ಪಾ..." ಟವೆಲ್ಲಿನಿಂದ ಮುಖ ಒರೆಸಿಕೊಂಡ. "ಗೋ ಪಾ ಲ." ಮೂರು ಸಲ ಅದನ್ನೇ ಅಂದ. ಆಮೇಲೆ ನಿಧಾನವಾಗಿ ತಲೆ ಎತ್ತಿ ರಸ್ತೆಯ ಆ ಕಡೆ ನೋಡಿದ.

ಅಲ್ಲಿ ಟೀ ಅಂಗಡಿ. ಅದರ ಮೇಲೆ ಒಂದು ತಗಡು.

"ಮೇಷ್ಟ್ರೇ, ಅಲ್ಲೂ ಅದೇ ಬರ್ದವ್ರಾ?"

"ನೀನೇ ನೋಡು."

ಎದ್ದು ರಸ್ತೆ ದಾಟಿ ತಗಡಿನ ಕೆಳಗೆ ನಿಂತ. ಒಂದೊಂದಾಗಿ ಬೆರಳು ತೋರಿಸಿದ. ಅಂಗಡಿಯವನು ಏನೋ ಆಯಿತೆಂದು ಹೊರಗೆ ಬಂದ.

"ಏನ್ಲಾ ಗೋಪಾಲ," ದಾಸಣ್ಣ ಅಂದ, "ಒಂಬತ್ತು ವರ್ಸದಿಂದ ಇಲ್ಲೇ ಟೀ ಕುಡೀತಿವ್ನಿ. ನಿನ್ ಹೆಸ್ರು ಇಲ್ಲೇ ಮೇಲೇ ನೇತಾಕಿದ್ಯಾ? ಒಂದಿನಾನೂ ಯೋಳ್ಲಿಲ್ವಲ್ಲೋ."

"ಎಲ್ರಿಗೂ ಕಾಣ್ಲಿ ಅಂತಲೇ ಹಾಕಿರೋದು ಕಣಣ್ಣ."

"ನಂಗೆ ಇವತ್ತು ಕಾಣ್ತು ನೋಡು."

ಗೋಪಾಲ ಇಬ್ಬರಿಗೂ ಪುಕ್ಕಟೆ ಟೀ ಕೊಟ್ಟ. ಮಧ್ಯಾಹ್ನದ ಮೂರು ಗಂಟೆ ಬಸ್ಸಿಗೆ ಕೂಗುವವರಿಲ್ಲದೆ ಆದೆಪ್ಪನೇ ಕೂಗಿಕೊಂಡ. ಅವನ ದನಿ ಬೆಲ್ಲದ ಮಂಡಿಯವರೆಗೆ ಹೋಗುವುದಿಲ್ಲ.

ಮೇ 20, ಶನಿವಾರ

ಆದೆಪ್ಪ ಕರೆದು ಕಾಗದ ಕೊಟ್ಟ. ಮಾಡಿದ್ದನ್ನು ಎದುರಿಗೆ ಒಪ್ಪಿಕೊಂಡವನು ನಂಬಿಕೆಗೆ ಆಗುತ್ತಾನೆ ಎಂದು ಬಸ್ಸಿನ ಓನರ್‌ಗೆ ಹೇಳಿದನಂತೆ. ಕಂಡಕ್ಟರ್ ಕೆಲಸ, 27ನೇ ತಾರೀಖು ಬೆಳಗ್ಗೆ ಎಂಟಕ್ಕೆ ಪೆನುಕೊಂಡ ಬಸ್ಸಿಗೆ ಹತ್ತಬೇಕು, ಬರದಿದ್ದರೆ ಬೇರೆಯವನಿಗೆ.

ದಾಸಣ್ಣ ಒತ್ತಕ್ಷರದಲ್ಲಿ ಸಿಕ್ಕಿಹಾಕಿಕೊಂಡಿದ್ದಾನೆ. ಕೆಳಗೆ ಇರುವುದನ್ನು ಮೊದಲು ಓದುತ್ತಾನೆ. ಪುಸ್ತಕ ಎಂದು ಬರೆದರೆ ಕಾಲು ಗಂಟೆ. ತಪ್ಪು ಅವನದಲ್ಲ, ನಾನು ಒಂದೇ ದಿನ ಎಂಟು ಒತ್ತು ತಂದಿದ್ದೆ. ಒಂದು ದಿನಕ್ಕೆ ಎರಡೇ ಸಾಕು. ಅವನು ದಿನಾ ಅನ್ನುವ ಮಾತನ್ನೇ ತೆಗೆದುಕೊಂಡರೆ ಸಲೀಸು: ಬೆಲ್ಲ, ಅಕ್ಕಿ, ಹಳ್ಳಿ, ಪುಟ್ಟಿ. ಮೇಲಿನ ಅಕ್ಷರ ಒಂದು ಚೀಟಿ, ಒತ್ತು ಒಂದು ಸಣ್ಣ ಚೀಟಿ, ಬಸ್ಸಿಗೆ ಟಾಪಿನ ಮೂಟೆ ಇದ್ದ ಹಾಗೆ. ಮೂಟೆ ಕೆಳಗೆ ಕಟ್ಟಿದ್ದಾರೆ, ಅಷ್ಟೇ. ಇದನ್ನು ಹೇಳಿದ್ದೇ ತಡ ಅವನಿಗೆ ಹೊಳೆಯಿತು. ಇದನ್ನು ಹುಣಸೆಗುಂಟೆಯ ಮಕ್ಕಳಿಗೂ ಹೇಳಬೇಕು. ಅವಕ್ಕೆ ಬಸ್ಸೆಂದರೆ ಪ್ರಾಣ. ಅವುಗಳಲ್ಲಿ ಮುನೆಮ್ಮ ಅಂತ ಒಬ್ಬಳಿದ್ದಾಳೆ, ಅವಳು ತಕ್ಷಣ ಹಿಡಿಯುತ್ತಾಳೆ.

ಮೇ 23, ಮಂಗಳವಾರ

ಮರುಳಸಿದ್ದಪ್ಪನವರು ಗುಟ್ಟು ಹೇಳಿದರು. ಈ ಇನ್ಸ್‌ಪೆಕ್ಟರ್ ಎಲ್ಲಿ ಹೋದರೂ ಒಂದನೇ ಪುಸ್ತಕದ ಹದಿನಾಲ್ಕನೇ ಪುಟವನ್ನೇ ಓದಿಸುತ್ತಾರಂತೆ. ಆಕಳಿನ ಪಾಠ. "ಪಾಪಕ್ಕಂಗೆ ಗಟ್ಟಿ ಮಾಡ್ಸಿದ್ದೀನಿ ಕಣಯ್ಯ, ನಿದ್ದೇಲೆಬ್ಬಿಸಿ ಕೇಳಿದ್ರೂ ಯೋಳ್ತಾಳೆ. ನಿನ್ನ ದಾಸಂಗೂ ಮಾಡ್ಸು. ನಾಕು ದಿನ ಐತೆ. ಯಾಕೆ ಸುಮ್ನೆ ಹೊಟ್ಟೆ ಮೇಲೆ ಕಲ್ಲು ಹಾಕ್ಕಂತೀಯ?"

ಮಧ್ಯಾಹ್ನ ದಾಸಣ್ಣನಿಗೆ ಹೇಳಿಯೂ ಹೇಳಿದೆ, ಮುಚ್ಚಿಡಲಿಲ್ಲ.

"ಬಾಯಿಪಾಠ ಮಾಡ್ಬುಡ್ಲಾ ಮೇಷ್ಟ್ರೇ? ನಂಗದು ಸಲೀಸು. ನಾಕು ಸಲ ಕೂಗಿದ್ರೆ ಆಯ್ತು. ನಿಮ್ ಕೆಲ್ಸ ಉಳೀಲಿ."

ಹೂಂ ಅನ್ನುವುದರಲ್ಲಿದ್ದೆ. ಅವನ ಕೈಯಲ್ಲಿ ಆಗ ಒಂದು ಹರಿದ ನೋಟೀಸಿತ್ತು. ಎಲ್ಲಿಂದಲೋ ಗಾಳಿಗೆ ಬಂದದ್ದು. ನಾನು ಕೊಟ್ಟದ್ದಲ್ಲ, ಅವನೇ ಎತ್ತಿಕೊಂಡು ನೋಡುತ್ತಿದ್ದ.

"ಬೇಡ ದಾಸಣ್ಣ" ಅಂದೆ. "ಹದಿನಾಲ್ಕನೇ ಪುಟ ನಾವು ತೆಗೆಯೋದೇ ಬೇಡ."

"ಫೇಲಾದ್ರೆ?"

"ಆದ್ರೆ ಆಗ್ಲಿ. ಆ ನೋಟೀಸಲ್ಲಿ ಏನಿದೆ?"

"ತಡೀರಿ," ಅಂದ. "ಓದ್ತಾ ಇವ್ನಿ."

ಮೇ 27, ಶನಿವಾರ

ಬೆಳಗ್ಗೆ ಏಳಕ್ಕೇ ದಾಸಣ್ಣನ ಮನೆಗೆ ಹೋದೆ. ಅಂಗಿಗೆ ಗುಂಡಿ ಇರಲಿಲ್ಲ, ಅವನ ಹೆಂಡತಿ ಹೊಲಿದಳು. ಇಬ್ಬರೂ ಅಕ್ಷರದ ಚೀಟಿ ಹರಡಿಕೊಂಡು ಹತ್ತು ಗಂಟೆಯವರೆಗೆ ಕೂತಿದ್ದೆವು.

ಇನ್ಸ್‌ಪೆಕ್ಟರ್ ದಪ್ಪ ಮನುಷ್ಯ, ಒಳ್ಳೆಯ ಮುಖ, ಅವಸರ. ಮೊದಲು ಪಾಪಕ್ಕ. ಹದಿನಾಲ್ಕನೇ ಪುಟ ಕೊಟ್ಟರು. ಪಾಪಕ್ಕ ಸೆರಗು ಸಿಕ್ಕಿಸಿಕೊಂಡು ಗಡಗಡ ಮುಗಿಸಿದಳು. ಇನ್ಸ್‌ಪೆಕ್ಟರ್ ಚಪ್ಪಾಳೆ ತಟ್ಟಿದರು. ಸರ್ವಮಂಗಳಮ್ಮ ಮೇಡಂ ಮೆಲ್ಲಗೆ ಎದ್ದು ಇಪ್ಪತ್ತನೇ ಪುಟ ತಿರುಗಿಸಿಟ್ಟು "ಇದನ್ನೂ ಒಂದು ಸಲ ಓದಮ್ಮ" ಅಂದರು. ಪಾಪಕ್ಕ ಅದೇ ಆಕಳಿನ ಪಾಠವನ್ನು ಇನ್ನೊಂದು ಸಲ ಒಪ್ಪಿಸಿದಳು. ಆಮೇಲೆ ಪುಟದಲ್ಲಿದ್ದ ರೈಲಿನ ಚಿತ್ರ ನೋಡಿ ತಾನೇ ನಕ್ಕುಬಿಟ್ಟಳು. "ನಂಗೆ ಅದೊಂದೇ ಬರೋದು ಕಣವ್ವ. ಮೇಷ್ಟ್ರು ಬೇರೇದು ಯೋಳ್ಕೊಟ್ಟಿಲ್ಲ." ಮರುಳಸಿದ್ದಪ್ಪನವರು ಬೆಂಚಿನ ಕೆಳಗೆ ಏನೋ ಬಿದ್ದ ಹಾಗೆ ಬಗ್ಗಿದರು. ಅವರಿಗೆ ಇನ್ನೂ ಮೂರು ತಿಂಗಳು ಟೈಮ್ ಕೊಟ್ಟಿದ್ದಾರೆ.

ಏಳನೆಯವನು ದಾಸಣ್ಣ. ಅವನಿಗೂ ಅದೇ ಪುಟ. ಬೆರಳಿಟ್ಟ. ಬೆವರು ಪುಸ್ತಕದ ಮೇಲೆ ಬಿತ್ತು. "ಆ... ಕ... ಳು." ಗಡಿಯಾರ ಟಿಕ್ ಟಿಕ್. "ಹಾ... ಲು..." ನಾಲ್ಕು ಸಾಲಿಗೆ ಎಂಟು ನಿಮಿಷ. ಇನ್ಸ್‌ಪೆಕ್ಟರ್ ಎರಡು ಸಲ ಗಡಿಯಾರ ನೋಡಿ, "ಇವನಿಗೆ ಎಲ್ಲಿ ಬರುತ್ತೆ ರೀ, ಆ ಹೆಂಗಸೇ ವಾಸಿ" ಎಂದು ಪೆನ್ನಿನ ಮುಚ್ಚಳ ತೆಗೆದರು.

"ಸಾರ್," ಮೇಡಂ ಅಂದರು, "ನಿಮ್ಮ ಜೇಬಿನಲ್ಲಿ ಯಾವುದಾದರೂ ಕಾಗದ ಇದ್ದರೆ ಕೊಡಿ."

ಅವರು ತಡಕಾಡಿ ನಾಲ್ಕು ಮಡಿಕೆಯ ಒಂದು ಚೀಟಿ ಕೊಟ್ಟರು. ದಾಸಣ್ಣ ಬಿಡಿಸಿ ಹಿಡಿದುಕೊಂಡ. ತಲೆಕೆಳಗಾಗಿತ್ತು. ನೋಡಿ, ತಾನೇ ತಿರುಗಿಸಿಕೊಂಡ. ಅದನ್ನು ಕಂಡ ಕೂಡಲೇ ಮೇಡಂ ನನ್ನ ಕಡೆ ನೋಡಿದರು.

"ಹಿಂ... ದೂ... ಪು... ರ... ದಿಂದ... ತರ... ಬೇ... ಕಾ... ದ್ದು." ಮಾತು ಪೂರ್ತಿ ಸಿಕ್ಕಿದ ಮೇಲೆ ಅವನಿಗೆ ತಡೆಯಲಾಗಲಿಲ್ಲ, ಬಸ್‌ ಸ್ಟ್ಯಾಂಡಿನ ದನಿಯಲ್ಲೇ ಇಡೀ ಹಾಲಿಗೆ ಕೂಗಿದ. "ಹಿಂದೂಪುರದಿಂದ ತರಬೇಕಾದ್ದು. ಹು... ಣ... ಸೆ... ಹುಣಸೆಹಣ್ಣು. ಬೆ... ಲ್ಲ... ಬೆಲ್ಲ ಎರಡು ಅಚ್ಚು. ಹೋ... ದ... ಸ... ಲದ... ಹಾಗೆ... ಹೋದ ಸಲದ ಹಾಗೆ..."

ಇನ್ಸ್‌ಪೆಕ್ಟರ್ "ಸಾಕು ಸಾಕು" ಅಂದರು. ದಾಸಣ್ಣನ ಕಿವಿಗೆ ಅದು ಹೋಗಲಿಲ್ಲ. ಓದು ಹಿಡಿದವನು ಮಧ್ಯದಲ್ಲಿ ಇಳಿಯುವುದಿಲ್ಲ.

"ಕ... ಪ್ಪು... ಬೆಲ್ಲ... ಕ... ಟ್ಟಿ... ಸಿ... ಕೊಂಡು... ಬಂ... ದರೆ... ಮ... ನೆ... ಯೊ... ಳಗೆ... ಸೇ... ರಿ... ಸು... ವು... ದಿ... ಲ್ಲ." ಉಸಿರು ತೆಗೆದುಕೊಂಡ. "ಕಪ್ಪು ಬೆಲ್ಲ ಕಟ್ಟಿಸಿಕೊಂಡು ಬಂದರೆ ಮನೆಯೊಳಗೆ ಸೇರಿಸುವುದಿಲ್ಲ."

ಮೊದಲು ನಕ್ಕವರು ಇನ್ಸ್‌ಪೆಕ್ಟರೇ. "ಇದನ್ನ ಇವನು ಬಾಯಿಪಾಠ ಮಾಡಿರೋಕೆ ಸಾಧ್ಯವೇ ಇಲ್ಲ" ಎಂದು ಸಹಿ ಹಾಕಿದರು. ದಾಸಣ್ಣ ಚೀಟಿ ಮಡಿಸಿ ವಾಪಸ್ ಕೊಡುತ್ತ, "ಮಂಡಿಯಾಗೆ ಎಡಗಡೆ ಮೂರ್ನೇ ಅಂಗಡಿ ಸಾಮಿ, ಬೆಳ್ಳಗಿರ್ತದೆ. ನಾನೇ ಕರ್ಕಂಡೋಯ್ತೀನಿ ಬನ್ನಿ" ಅಂದ.

ಮಧ್ಯಾಹ್ನ ಊಟಕ್ಕೆ ಕೂತಾಗ ನೆನಪಾಯಿತು, ಬೆಳಗ್ಗೆ ಎಂಟಕ್ಕೆ ಪೆನುಕೊಂಡ ಬಸ್ಸಿತ್ತು ಎಂದು. ಪಾಪಕ್ಕನ ಮುದ್ದೆಯಲ್ಲಿ ಇವತ್ತು ಗಂಟಿರಲಿಲ್ಲ, ಇನ್ನೊಂದು ಹಾಕಿಸಿಕೊಂಡೆ.

ಜೂನ್ 12, ಸೋಮವಾರ. ಹುಣಸೆಗುಂಟೆ

ಶಾಲೆ ತೆರೆಯಿತು. ಇಪ್ಪತ್ತೆರಡೂ ಬಂದಿದ್ದವು. ಪುಸ್ತಕ ತೆಗೆಯಿರಿ ಅಂದೆ. ಗಡಗಡ ಶುರುವಾಯಿತು. ಮುಂದಿನ ಸಾಲಿನ ಎಲ್ಲರ ಪುಸ್ತಕವನ್ನೂ ಒಂದೊಂದಾಗಿ ತಲೆಕೆಳಗು ಮಾಡುತ್ತ ಹೋದೆ. ಗಡಗಡ ನಿಲ್ಲಲಿಲ್ಲ. ಹುಣಸೆಗುಂಟೆಯ ಮಕ್ಕಳೂ ಹಾಗೇ.

ಪುಸ್ತಕ ಮುಚ್ಚಿಸಿದೆ. ಚೀಟಿ ಡಬ್ಬಿ ತೆರೆದೆ.

ಹನ್ನೊಂದು ಗಂಟೆಗೆ ಬಸ್ಸು ಬಂತು. ಯಾವಾಗಲೂ ನಾವೆಲ್ಲ ಬಾಗಿಲಿಗೆ ಓಡುತ್ತಿದ್ದೆವು. ಹಾರ್ನು ಕೇಳಿಯೇ ಡ್ರೈವರ್ ಯಾರೆಂದು ನಾನು ಹೇಳಬೇಕು, ಮಕ್ಕಳು ಹೌದೋ ಅಲ್ಲವೋ ನೋಡಬೇಕು. ಇವತ್ತು ಮುನೆಮ್ಮ ಬಾಗಿಲಲ್ಲಿ ನಿಂತು ಬೋರ್ಡಿಗೆ ಕಣ್ಣು ಕಿರಿದು ಮಾಡಿ "ಕ... ಲ..." ಅನ್ನುವಷ್ಟರಲ್ಲಿ ಬಸ್ಸು ಹೊರಟುಹೋಯಿತು.

"ಉಳಿದದ್ದು ಸಾಯಂಕಾಲ ಬಸ್ಸು ವಾಪಸ್ ಬಂದಾಗ ಓದ್ತೀನಿ ಸಾ."

ಶಾಲೆ ಬಿಟ್ಟ ಮೇಲೆ ಎಂಟು ಹತ್ತು ಜನ ಕಟ್ಟೆಯ ಮೇಲೆ ಕೂತೆವು. ಬಸ್ಸು ಅರ್ಧ ಗಂಟೆ ತಡ. ಬಂತು. ಮುನೆಮ್ಮ ಲ್ಯಾ ಹತ್ತಿರ ಒಮ್ಮೆ ಎಡವಿದಳು, ದು ಆದ ಮೇಲೆ ಇನ್ನೊಮ್ಮೆ. ಹೋಗುವ ಬಸ್ಸಿನ ಹಿಂದೆ ಧೂಳಿನಲ್ಲಿ ಓಡುತ್ತ ಕಲ್ಯಾಣದುರ್ಗ ಎಂದು ಪೂರ್ತಿ ಮಾಡಿದಳು.

ಡ್ರೈವರ್ ಯಾರೆಂದು ನಾನು ನೋಡಲಿಲ್ಲ.

ಜೂನ್ 18, ಭಾನುವಾರ. ಕಲ್ಯಾಣದುರ್ಗ

ಕೊನೆಯ ಹಾಳೆ. ಗೌರಕ್ಕ ಪಕ್ಕದಲ್ಲಿ ಕೂತು ಹುಣಸೆಬೀಜ ಕುಟ್ಟುತ್ತಿದ್ದವಳು, "ಇದ್ರಾಗೆ ನನ್ ಹೆಸ್ರೂ ಐತಾ?" ಅಂದಳು. ದಾಸಣ್ಣನಿಗೆ ಮಾಡಿದ ಹಾಗೆ, ಮೂರು ಚೀಟಿ 'ಗೌ', 'ರ', 'ಕ್ಕ' ಬರೆದು ಕೊಟ್ಟೆ. ನೋಟ್‌ಬುಕ್ಕಿನಲ್ಲಿ ಎರಡು ಕಡೆ ತೋರಿಸಿದೆ.

ಮೂರನೆಯದನ್ನು ಅವಳೇ ಹುಡುಕಿಕೊಂಡಳು. ಮೊದಲನೇ ಹಾಳೆ, ಕೊನೆಯ ಸಾಲು, ಕಂಡಕ್ಟರ್ ಅರ್ಜಿಯ ಮಾತಿನ ಪಕ್ಕ. ಬೆರಳಿಟ್ಟು, "ಇಲ್ಲಿ ನನ್ ಹೆಸ್ರಿನ ಪಕ್ಕದಾಗೆ ಏನ್ ಬರ್ದಿದ್ದೀಯ?" ಎಂದು ಕೇಳಿದಳು.

ನಾಳೆ ಹೊಸ ನೋಟ್‌ಬುಕ್ ತರಬೇಕು. ಅದರಲ್ಲಿ ಸ್ವಲ್ಪ ನೋಡಿಕೊಂಡು ಬರೆಯಬೇಕು.